ಸರ್ಫ್ ರಾಕ್ ಬ್ಯಾಂಡ್ ಕಟ್ಟಿ ನುಡಿಸುವವರು ಪದೇ ಪದೇ ಕೇಳುವ ಪ್ರಶ್ನೆಗಳು

ವಾರಕ್ಕೊಂದು ಸಂಜೆ ನಾಲ್ಕು ಜನ ಸೇರಿ, ಖುಷಿಗೆ ನುಡಿಸುವವರಿಗಾಗಿ ಈ ಪ್ರಶ್ನೋತ್ತರ. ಗಿಟಾರ್‌ನಲ್ಲಿ ನಾಲ್ಕೈದು ಕಾರ್ಡ್ ಹಿಡಿಯಲು ಬರುತ್ತದೆ, ಲಯ ತಪ್ಪದೆ ಒಂದು ಹಾಡು ಮುಗಿಸಬಲ್ಲಿರಿ ಎಂದಾದರೆ ಇಲ್ಲಿಂದ ಮುಂದಕ್ಕೆ ಹೋಗಬಹುದು.

ಸರ್ಫ್ ರಾಕ್ ಅಂದರೆ ಬೀಚ್ ಬಾಯ್ಸ್ ಥರದ ಹಾಡುಗಳೇ?

ಅದು ಒಂದು ಕವಲು. ಇನ್ನೊಂದು ಕವಲಿನಲ್ಲಿ ಹಾಡುಗಾರರೇ ಇಲ್ಲ, ಗಿಟಾರೇ ಹಾಡುತ್ತದೆ. ಇಲ್ಲಿ ಹೇಳುವುದೆಲ್ಲ ಈ ಎರಡನೆಯದರ ಬಗ್ಗೆ. ಇದು ಬೆಳೆದದ್ದು ದಕ್ಷಿಣ ಕ್ಯಾಲಿಫೋರ್ನಿಯಾದ ಕರಾವಳಿಯಲ್ಲಿ. ಬಾಲ್ಬೋವಾದ ರಾಂಡೆವೂ ಬಾಲ್‌ರೂಮ್‌ನಲ್ಲಿ ಗಿಟಾರ್ ವಾದಕ ಡಿಕ್ ಡೇಲ್ ನುಡಿಸುತ್ತಿದ್ದಾಗ ಹಗಲೆಲ್ಲ ಅಲೆಯ ಮೇಲಿದ್ದ ಹುಡುಗರು ರಾತ್ರಿ ಕುಣಿಯಲು ಬರುತ್ತಿದ್ದರು. 1961ರಲ್ಲಿ ಬಂದ ಅವರ 'ಲೆಟ್ಸ್ ಗೋ ಟ್ರಿಪ್ಪಿನ್' ಅನ್ನು ಈ ಪ್ರಕಾರದ ಮೊದಲ ಧ್ವನಿಮುದ್ರಣ ಎಂದು ಬಹಳ ಜನ ಎಣಿಸುತ್ತಾರೆ. 1964ರ ಫೆಬ್ರವರಿಯಲ್ಲಿ ಬೀಟಲ್ಸ್ ಅಮೆರಿಕದಲ್ಲಿ ಇಳಿದ ಮೇಲೆ ಅಬ್ಬರ ತಗ್ಗಿತು. ಮೂರು ವರ್ಷದ ಆ ಅವಧಿಯಲ್ಲಿ ಹುಟ್ಟಿದ ಸದ್ದನ್ನು ಇವತ್ತಿಗೂ ಹೊಸ ತಂಡಗಳು ನುಡಿಸುತ್ತಿವೆ.

ಸಮುದ್ರವೇ ಇಲ್ಲದ ಊರಿನಲ್ಲಿದ್ದೇವೆ. ನಡೆಯುತ್ತದೆಯೇ?

ಧಾರಾಳವಾಗಿ. ಅಸ್ಟ್ರೊನಾಟ್ಸ್ ತಂಡ ಕೊಲೊರಾಡೊದ ಬೌಲ್ಡರ್‌ನದು, ಟ್ರ್ಯಾಶ್‌ಮೆನ್ ಮಿನಿಯಾಪೊಲಿಸ್‌ನವರು. ಎರಡೂ ಊರಿಗೆ ಕಡಲು ಬಹು ದೂರ. ಸರ್ಫಿಂಗ್ ಕಲಿಯುವ ಆಸೆಯಿದ್ದರೆ ನಮ್ಮ ಮೂಲ್ಕಿ ಕಡೆಯ ಅಲೆಗಳ ಮೇಲೆ ಕಲಿಸುವವರಿದ್ದಾರೆ, ಆದರೆ ಗಿಟಾರ್‌ಗೆ ಅದರ ಅಗತ್ಯವಿಲ್ಲ.

ಎಷ್ಟು ಜನ ಬೇಕು? ಯಾರು ಏನು ನುಡಿಸಬೇಕು?

ನಾಲ್ವರು ಸಾಕು: ಲೀಡ್ ಗಿಟಾರ್, ರಿದಮ್ ಗಿಟಾರ್, ಬೇಸ್, ಡ್ರಮ್ಸ್. ಮೂವರಲ್ಲೂ ಆಗುತ್ತದೆ, ಆದರೆ ಲೀಡ್ ನುಡಿಸುವವರು ರಾಗಕ್ಕೆ ಇಳಿದ ಕೂಡಲೇ ಹಿಂದಿನ ಕಾರ್ಡ್ ಖಾಲಿಯಾಗಿ ಸದ್ದು ಬಡವಾಗುತ್ತದೆ. ಐದನೆಯವರು ಸಿಕ್ಕರೆ ಸ್ಯಾಕ್ಸೊಫೋನ್ ಇಲ್ಲವೇ ಕೀಬೋರ್ಡ್ ಒಳ್ಳೆಯದು. ಶಾಂಟೇಸ್ ತಂಡದ 'ಪೈಪ್‌ಲೈನ್'ನಲ್ಲಿ ಎಲೆಕ್ಟ್ರಿಕ್ ಪಿಯಾನೊ ಇದೆ. ಮೂರನೇ ಗಿಟಾರ್ ಬೇಡ. ಮೂರು ಗಿಟಾರ್‌ಗಳ ರಿವರ್ಬ್, ಅಂದರೆ ಸ್ವರದ ಹಿಂದೆ ಉಳಿಯುವ ಪ್ರತಿಧ್ವನಿ, ಒಂದರ ಮೇಲೊಂದು ಬಿದ್ದರೆ ಯಾವುದೂ ಕೇಳಿಸುವುದಿಲ್ಲ.

ಯಾವ ಗಿಟಾರ್ ಕೊಳ್ಳಬೇಕು?

ಈಗ ಮನೆಯಲ್ಲಿರುವುದರಿಂದಲೇ ಶುರು ಮಾಡಿ. ಸಿಂಗಲ್ ಕಾಯಿಲ್ ಪಿಕಪ್ (ತಂತಿಯ ಅದುರನ್ನು ಸಿಗ್ನಲ್ ಮಾಡುವ, ಒಂದೇ ಸುರುಳಿಯ ಭಾಗ) ಇರಬೇಕು, ಬ್ರಿಡ್ಜ್ (ದೇಹದ ಮೇಲೆ ತಂತಿಗಳು ಆನುವ ಪಟ್ಟಿ) ಕಡೆಯ ಪಿಕಪ್ ಚುರುಕಾಗಿರಬೇಕು, ಸ್ವರ ಅಲುಗಿಸುವ ಕಡ್ಡಿ ಇದ್ದರೆ ಉತ್ತಮ. 1954ರ ಸ್ಟ್ರಾಟೊಕ್ಯಾಸ್ಟರ್, 1958ರ ಜಾಝ್‌ಮಾಸ್ಟರ್, 1962ರ ಜಾಗ್ವಾರ್, ಫೆಂಡರ್‌ನ ಈ ಮೂರು ಮಾದರಿಗಳೇ ಸರ್ಫ್‌ನ ರೂಢಿಯ ಗಿಟಾರ್‌ಗಳು. ಅವುಗಳ ಅಗ್ಗದ ರೂಪಗಳೂ ಕೆಲಸಕ್ಕೆ ಬರುತ್ತವೆ. ಕೈಯಲ್ಲಿರುವ ಹಣಕ್ಕೆ ಮಿತಿಯಿದ್ದರೆ ಗಿಟಾರ್‌ಗೆ ಕಡಿಮೆ ಹಾಕಿ, ಒಳ್ಳೆಯ ರಿವರ್ಬ್‌ಗೆ ಹೆಚ್ಚು ಹಾಕಿ. ಸಾಧಾರಣ ಗಿಟಾರ್ ಒಳ್ಳೆಯ ಸ್ಪ್ರಿಂಗ್ ರಿವರ್ಬ್ ಮೂಲಕ ಬಂದರೆ ಸರ್ಫ್ ಅನ್ನಿಸುತ್ತದೆ. ದುಬಾರಿ ಗಿಟಾರ್ ರಿವರ್ಬ್ ಇಲ್ಲದೆ ಒಣದಾಗಿ ಬಂದರೆ ಹಾಗನ್ನಿಸುವುದಿಲ್ಲ.

ಹೆಸರಿನ ಗೊಂದಲ ಒಂದಿದೆ. ಗಿಟಾರ್ ಮೇಲಿನ ಕಡ್ಡಿಗೆ ಫೆಂಡರ್ ಕಂಪನಿ ಟ್ರೆಮೊಲೊ ಎಂದು ಹೆಸರಿಟ್ಟಿತು, ಅದು ಮಾಡುವುದು ಶ್ರುತಿಯ ಏರಿಳಿತ. ಅದೇ ಕಂಪನಿಯ ಹಲವು ಆಂಪ್‌ಗಳಲ್ಲಿ (ಗಿಟಾರ್‌ನ ಸದ್ದು ದೊಡ್ಡದು ಮಾಡುವ ಪೆಟ್ಟಿಗೆ) ವೈಬ್ರೆಟೊ ಎಂದು ಬರೆದಿರುವ ಗುಂಡಿ ಮಾಡುವುದು ಸದ್ದಿನ ಏರಿಳಿತ. ಎರಡು ಹೆಸರೂ ಅದಲುಬದಲಾಗಿವೆ. ಅಂಗಡಿಯಲ್ಲಿ ಕೇಳುವಾಗ ನಿಮಗೆ ಬೇಕಾದದ್ದು ಯಾವುದೆಂದು ಬಿಡಿಸಿ ಹೇಳಿ.

ಜಾಝ್‌ಮಾಸ್ಟರ್‌ನಲ್ಲಿ ತಂತಿ ಬ್ರಿಡ್ಜ್‌ನಿಂದ ಜಾರುತ್ತದೆ, ಎಲ್ಲೋ ಝೀಂಗುಡುತ್ತದೆ. ಕೆಟ್ಟ ಗಿಟಾರೇ?

ಗಿಟಾರ್ ಸರಿಯಾಗಿಯೇ ಇದೆ, ತಂತಿ ತೆಳುವಾಯಿತು. ಈ ಗಿಟಾರ್ ತಯಾರಾದ ಕಾಲದಲ್ಲಿ ಎಲ್ಲರೂ ದಪ್ಪ ತಂತಿಯನ್ನೇ ಹಾಕುತ್ತಿದ್ದರು. ಬ್ರಿಡ್ಜ್‌ನ ಹಿಂದೆ ತಂತಿ ಬಾಗುವ ಕೋನ ಇದರಲ್ಲಿ ಬಹಳ ಕಡಿಮೆ. ಹಾಗಾಗಿ 9ರ ಸೆಟ್ (ಅತಿ ತೆಳು ತಂತಿಯ ದಪ್ಪ ಇಂಚಿನ ಸಾವಿರದಲ್ಲಿ 9 ಭಾಗ) ಹಾಕಿ ಬಲವಾಗಿ ಮೀಟಿದರೆ ತಂತಿ ಹಳ್ಳದಿಂದ ಹಾರುತ್ತದೆ. 11–50 ಅಥವಾ 12–52ರ ಸೆಟ್ ಹಾಕಿ, ಮೂರನೇ ತಂತಿಯೂ ಸುತ್ತಿದ್ದೇ ಇರಲಿ. ಅಷ್ಟಕ್ಕೂ ಸರಿಹೋಗದಿದ್ದರೆ ಕತ್ತು ದೇಹಕ್ಕೆ ಸೇರುವ ಗೂಡಿನಲ್ಲಿ, ದೇಹದ ಒಳಬದಿಗೆ, ತೆಳು ಚಕ್ಕೆಯೊಂದನ್ನು ಇಟ್ಟು ಕತ್ತನ್ನು ಅರ್ಧದಿಂದ ಒಂದು ಡಿಗ್ರಿ ಹಿಂದಕ್ಕೆ ವಾಲಿಸಿ, ಆಮೇಲೆ ಬ್ರಿಡ್ಜ್ ಎತ್ತರಿಸಿ. ಬ್ರಿಡ್ಜ್‌ನ ಚಿಕ್ಕ ಸ್ಕ್ರೂಗಳು ಅದುರಿಗೆ ಸಡಿಲವಾಗಿ ಇಳಿಯುವುದೇ ಝೀಂಕಾರಕ್ಕೆ ಸಾಮಾನ್ಯ ಕಾರಣ. ಬಿಚ್ಚಲು ಬರುವಂಥ ನೀಲಿ ಬಣ್ಣದ ಥ್ರೆಡ್‌ಲಾಕರ್ (ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟು) ಒಂದೊಂದು ಹನಿ ಸಾಕು.

ತಂತಿ ದಪ್ಪವಾದಾಗ ಕತ್ತಿನ ಮೇಲಿನ ಎಳೆತ ಹೆಚ್ಚುತ್ತದೆ. ಟ್ರಸ್ ರಾಡ್ (ಕತ್ತಿನೊಳಗಿನ ಸರಳು) ಸರಿಪಡಿಸಿ, ನಟ್‌ನ (ಕತ್ತಿನ ತುದಿಯಲ್ಲಿ ತಂತಿ ಕೂರುವ ಪಟ್ಟಿ) ಹಳ್ಳ ಅಗಲಿಸಿ ಅಂತ ರಿಪೇರಿಯವರಿಗೆ ಹೇಳುವುದನ್ನು ಮರೆಯಬೇಡಿ. ಹಳ್ಳ ಬಿಗಿಯಾಗಿದ್ದರೆ ಕಡ್ಡಿ ಒತ್ತಿ ಬಿಟ್ಟಾಗ ತಂತಿ ಶ್ರುತಿಗೆ ಮರಳುವುದಿಲ್ಲ. ಹಳ್ಳಕ್ಕೆ ಪೆನ್ಸಿಲ್ ಸೀಸ ತಿಕ್ಕಿದರೂ ಎಷ್ಟೋ ಸಲ ಸರಿಹೋಗುತ್ತದೆ.

ಆ ಒದ್ದೆ ಸದ್ದು ಎಲ್ಲಿಂದ ಬರುತ್ತದೆ?

ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಸರ್ಫ್‌ನ ಜೀವ ಇದರಲ್ಲೇ ಇದೆ.

ಸ್ಪ್ರಿಂಗ್ ರಿವರ್ಬ್ ಟ್ಯಾಂಕ್ ಅಂದರೆ ಸುಮಾರು 42 ಸೆಂಟಿಮೀಟರ್ ಉದ್ದ, 11 ಸೆಂಟಿಮೀಟರ್ ಅಗಲದ ತಗಡಿನ ತಟ್ಟೆ. ಅದರೊಳಗೆ ಇನ್ನೊಂದು ಚಿಕ್ಕ ತಟ್ಟೆ, ನಾಲ್ಕು ಮೂಲೆಗೆ ನಾಲ್ಕು ಪುಟ್ಟ ಸ್ಪ್ರಿಂಗ್‌ಗಳಲ್ಲಿ ತೊಟ್ಟಿಲಿನಂತೆ ತೂಗುತ್ತಿರುತ್ತದೆ. ಒಳತಟ್ಟೆಯ ಒಂದು ತುದಿಯಿಂದ ಇನ್ನೊಂದಕ್ಕೆ ಕೂದಲೆಳೆಯಂಥ ಉದ್ದ ಸ್ಪ್ರಿಂಗ್‌ಗಳು. ಗಿಟಾರ್‌ನ ಸಿಗ್ನಲ್ ಒಂದು ತುದಿಯ ಪುಟ್ಟ ಅಯಸ್ಕಾಂತವನ್ನು ತಿರುಚುತ್ತದೆ, ಆ ತಿರುಚು ಸ್ಪ್ರಿಂಗ್‌ಗುಂಟ ಓಡಿ ಆಚೆ ತುದಿಯಲ್ಲಿ ಮತ್ತೆ ಸಿಗ್ನಲ್ ಆಗುತ್ತದೆ, ಸ್ವಲ್ಪ ಭಾಗ ಹಿಂದಕ್ಕೆ ಬಡಿದು ಮತ್ತೆ ಮತ್ತೆ ಓಡಾಡುತ್ತದೆ. ತಾರ ಮತ್ತು ಮಂದ್ರ ಕಂಪನಗಳು ಸ್ಪ್ರಿಂಗ್‌ನಲ್ಲಿ ಒಂದೇ ವೇಗದಲ್ಲಿ ಸಾಗುವುದಿಲ್ಲ. ಅದರಿಂದಲೇ, ಅಂಗೈ ಒತ್ತಿ ತುಂಡಾಗಿ ಮೀಟಿದ ಸ್ವರದ ಬೆನ್ನಿಗೆ, ನೀರು ತುಂಬಿದ ಹಂಡೆಗೆ ಮೇಲಿಂದ ಹನಿ ಬಿದ್ದಂತೆ 'ಟ್ಲಿಪ್' ಎಂಬ ಸದ್ದು ಬರುತ್ತದೆ. ನುಡಿಸುವವರು ಇದನ್ನು ಡ್ರಿಪ್ ಎನ್ನುತ್ತಾರೆ.

1961ರಲ್ಲಿ ಫೆಂಡರ್ ಇದಕ್ಕೆಂದೇ ಬೇರೆ ಪೆಟ್ಟಿಗೆ ಹೊರತಂದಿತು, ಮಾದರಿ ಸಂಖ್ಯೆ 6ಜಿ15. ಸ್ಪ್ರಿಂಗ್ ಹ್ಯಾಮಂಡ್ ಆರ್ಗನ್ ಕಂಪನಿಯ ತಂತ್ರ. ಗಿಟಾರ್ ಮೊದಲು ಈ ಪೆಟ್ಟಿಗೆಗೆ, ಅಲ್ಲಿಂದ ಆಂಪ್‌ಗೆ. ಡಿಕ್ ಡೇಲ್‌ಗೆ ರಿವರ್ಬ್ ಬೇಕೆನ್ನಿಸಿದ್ದು ಮೊದಲು ತಮ್ಮ ಹಾಡುವ ದನಿಗೆ. 'ಲೆಟ್ಸ್ ಗೋ ಟ್ರಿಪ್ಪಿನ್'ನಲ್ಲಿ ಸ್ಪ್ರಿಂಗ್‌ನ ಸದ್ದು ಇಲ್ಲ, ಕೇಳಿ ನೋಡಿ.

ರಿವರ್ಬ್ ಪೆಟ್ಟಿಗೆಯ ಮೂರು ಗುಂಡಿಗಳನ್ನು ಎಲ್ಲಿ ಇಡಬೇಕು?

ಡ್ವೆಲ್ ಅಂದರೆ ಸ್ಪ್ರಿಂಗ್‌ಗೆ ಎಷ್ಟು ಜೋರಾಗಿ ಹೊಡೆಯಬೇಕು ಅನ್ನುವುದು. ಮಿಕ್ಸರ್ ಅಂದರೆ ಒದ್ದೆ ಎಷ್ಟು, ಒಣದು ಎಷ್ಟು. ಟೋನ್ ರಿವರ್ಬ್‌ನ ಹೊಳಪು. ಹತ್ತರ ಅಳತೆಯಲ್ಲಿ ಡ್ವೆಲ್ 6, ಮಿಕ್ಸರ್ 5, ಟೋನ್ 6ರಿಂದ ಶುರು ಮಾಡಿ. ಡ್ರಿಪ್ ಬರುತ್ತಿಲ್ಲ ಅಂದರೆ ಮಿಕ್ಸರ್ ಮುಟ್ಟಬೇಡಿ, ಡ್ವೆಲ್ ಏರಿಸಿ. ರಾಗ ಮಸುಕಾದರೆ ಮಿಕ್ಸರ್ ಇಳಿಸಿ. ರಿದಮ್ ಗಿಟಾರ್‌ಗೆ ಮಿಕ್ಸರ್ 2–3ಕ್ಕಿಂತ ಮೇಲೆ ಬೇಡ. ಮನೆಯಲ್ಲಿ ಹದವಾಗಿ ಕೇಳಿದ ರಿವರ್ಬ್ ಸಭಾಂಗಣದಲ್ಲಿ ಹೆಚ್ಚಾಗುತ್ತದೆ, ಆ ಕೋಣೆಯದೇ ಪ್ರತಿಧ್ವನಿ ಸೇರುತ್ತದಲ್ಲ.

ಪೆಟ್ಟಿಗೆ ಕೊಳ್ಳಲಾಗದಿದ್ದರೆ ಪೆಡಲ್ ಇದೆ. ನಿಜವಾದ ಟ್ಯಾಂಕ್ ಇಟ್ಟುಕೊಂಡು ವ್ಯಾಲ್ವ್ (ಹಳೆಯ ಕಾಲದ ಗಾಜಿನ ಎಲೆಕ್ಟ್ರಾನಿಕ್ ಕೊಳವೆ) ಇಲ್ಲದೆ ನಡೆಯುವ ಸರ್ಫಿಬೇರ್ ಒಳ್ಳೆಯ ನಡುದಾರಿ. ಡಿಜಿಟಲ್‌ನಲ್ಲಿ ಸ್ಪ್ರಿಂಗ್ ಎಂಬ ಆಯ್ಕೆ ಇರುವುದನ್ನೇ ಹುಡುಕಿ. ಹಾಲ್, ಪ್ಲೇಟ್ ಎಂಬವು ಎಷ್ಟೇ ಚೆಂದವಿದ್ದರೂ ತೊಟ್ಟಿಕ್ಕುವುದಿಲ್ಲ.

ವೇದಿಕೆ ಮೇಲೆ ರಿವರ್ಬ್ ಗುಡುಗುತ್ತದೆ, ಊಳಿಡುತ್ತದೆ. ಯಾಕೆ?

ಯಾರಾದರೂ ಪೆಟ್ಟಿಗೆಗೆ ಕಾಲು ತಾಗಿಸಿದರೆ ಸ್ಪ್ರಿಂಗ್‌ಗಳು ಒಂದಕ್ಕೊಂದು ಬಡಿದು ಸಿಡಿಲು ಹೊಡೆದಂತಾಗುತ್ತದೆ. ಟೊಳ್ಳು ಮರದ ವೇದಿಕೆಯಾದರೆ ಬೇಸ್ ಮತ್ತು ಕಿಕ್ ಡ್ರಮ್‌ನ ಅದುರೇ ಸಾಕು, ಊಳಿಡತೊಡಗುತ್ತದೆ. ಪೆಟ್ಟಿಗೆಯನ್ನು ಆಂಪ್ ಮೇಲಿಡಬೇಡಿ. ಪಕ್ಕದ ಕುರ್ಚಿಯ ಮೇಲೆ ಎರಡು ಇಂಚು ದಪ್ಪದ ಫೋಮ್ ಹಾಕಿ ಅದರ ಮೇಲಿಡಿ, ಡ್ರಮ್ಸ್‌ನಿಂದ ದೂರ.

ಗುಂಯ್ ಎನ್ನುವ ಹಮ್ ಬೇರೆ ವಿಷಯ. ಟ್ಯಾಂಕ್‌ನ ಔಟ್‌ಪುಟ್ ತುದಿ ಆಂಪ್‌ನ ಟ್ರಾನ್ಸ್‌ಫಾರ್ಮರ್ ಹತ್ತಿರವಿದ್ದರೆ ಅದರ ಕಾಂತಕ್ಷೇತ್ರವನ್ನು ಹೀರುತ್ತದೆ. ಪೆಟ್ಟಿಗೆಯನ್ನು ಅರ್ಧ ಸುತ್ತು ತಿರುಗಿಸಿದರೆ ಎಷ್ಟೋ ಸಲ ಹಮ್ ಅಡಗುತ್ತದೆ. ರಿವರ್ಬ್ ಪೂರ್ತಿ ಸತ್ತಿದ್ದರೆ ಟ್ಯಾಂಕ್‌ನೊಳಗಿನ ಕೂದಲಿನಂಥ ತಂತಿ ತುಂಡಾಗಿರಬಹುದು. ಎರಡು ಸಾಕೆಟ್‌ಗಳನ್ನೂ ಮೀಟರ್‌ನಲ್ಲಿ ಅಳೆಯಿರಿ. ಬದಲಿಸುವಾಗ ಹಳೆಯದರ ಮೇಲಿನ ಕೋಡ್ ನೋಡಿಯೇ ತನ್ನಿ. ಇಂಪೀಡೆನ್ಸ್ (ವಿದ್ಯುತ್ ತಡೆ) ಹೊಂದದ ಟ್ಯಾಂಕ್ ಹಾಕಿದರೆ ಸದ್ದು ಕೀಚಲಾಗುತ್ತದೆ, ಇಲ್ಲವೇ ಬರುವುದೇ ಇಲ್ಲ.

ಅಮೆರಿಕದಿಂದ ತಂದ ಆಂಪ್ ಅಥವಾ ರಿವರ್ಬ್ ಪೆಟ್ಟಿಗೆಯನ್ನು ನಮ್ಮಲ್ಲಿ ಹಾಕಬಹುದೇ?

ನೇರವಾಗಿ ಹಾಕಿದರೆ ಸುಟ್ಟುಹೋಗುತ್ತದೆ. ಅಲ್ಲಿ 120 ವೋಲ್ಟ್, ಇಲ್ಲಿ 230. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ರಿವರ್ಬ್ ಪೆಟ್ಟಿಗೆಗೆ 100 ವಿಎ (ಟ್ರಾನ್ಸ್‌ಫಾರ್ಮರ್ ಹೊರಬಲ್ಲ ಹೊರೆಯ ಅಳತೆ) ಸಾಕು, 40–50 ವಾಟ್‌ನ ವ್ಯಾಲ್ವ್ ಆಂಪ್‌ಗೆ 500 ವಿಎ ತೆಗೆದುಕೊಳ್ಳಿ. ಆಂಪ್‌ನ ವಾಟ್ ಅಂದರೆ ಸ್ಪೀಕರ್‌ಗೆ ಹೋಗುವುದು. ಗೋಡೆಯಿಂದ ಅದು ಎಳೆಯುವುದು ಅದರ ಮೂರು ನಾಲ್ಕು ಪಟ್ಟು.

ಅಗ್ಗದ ಸ್ಟೆಪ್‌ಡೌನ್‌ಗಳಲ್ಲಿ ಅರ್ಥಿಂಗ್ ಪಿನ್ ಒಳಗೆ ಎಲ್ಲಿಗೂ ಜೋಡಿಸಿರುವುದಿಲ್ಲ. ಅರ್ಥಿಂಗ್ ಇಲ್ಲದ ಆಂಪ್‌ಗೆ ಹಾಕಿದ ಗಿಟಾರ್ ಹಿಡಿದು ಮೈಕ್‌ಗೆ ತುಟಿ ತಾಗಿಸಿದರೆ ಶಾಕ್ ಹೊಡೆಯುತ್ತದೆ, ಪ್ರಾಣವೇ ಹೋಗಬಹುದು. ಪ್ಲಗ್ ಪಾಯಿಂಟ್‌ನಿಂದ ಆಂಪ್‌ನ ಲೋಹದ ಮೈವರೆಗೆ ಅರ್ಥ್ ಸಿಗುತ್ತಿದೆಯೇ ಎಂದು ಎಲೆಕ್ಟ್ರಿಷಿಯನ್ ಕೈಯಲ್ಲಿ ಒಮ್ಮೆ ಪರೀಕ್ಷಿಸಿ. ಹಮ್ ಹೋಗಲೆಂದು ಅರ್ಥ್ ಪಿನ್ ಕೀಳುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ, ಮಾಡಲು ಯಾರನ್ನೂ ಬಿಡಬೇಡಿ.

ಅಷ್ಟು ವೇಗವಾಗಿ ಮೀಟುವುದು ಹೇಗೆ? ಐದು ನಿಮಿಷಕ್ಕೆ ಕೈ ಕಟ್ಟಿಬಿಡುತ್ತದೆ.

ಕೈ ಕಟ್ಟುವುದು ಮೊಣಕೈ ಬಿಗಿಯುವುದರಿಂದ. ಚಲನೆ ಮಣಿಕಟ್ಟಿನದ್ದಾಗಿರಬೇಕು, ತೋಳಿನದ್ದಲ್ಲ. 1 ಮಿಲಿಮೀಟರ್‌ಗಿಂತ ದಪ್ಪದ ಪಿಕ್ ಹಿಡಿದು ಬೆರಳಿನಿಂದ 3–4 ಮಿಲಿಮೀಟರ್ ಮಾತ್ರ ಹೊರಗಿಡಿ. ಪಿಕ್ ಹೆಚ್ಚು ಹೊರಬಂದಷ್ಟೂ ತಂತಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಕೆಳಗೆ-ಮೇಲೆ, ಕೆಳಗೆ-ಮೇಲೆ, ಎರಡೂ ಹೊಡೆತ ಒಂದೇ ತೂಕದಲ್ಲಿ. ಮೆಟ್ರೊನೋಮ್ 80ಕ್ಕೆ ಇಟ್ಟು ಒಂದು ಬಡಿತಕ್ಕೆ ನಾಲ್ಕು ಮೀಟು. ಎರಡು ನಿಮಿಷ ಭುಜ ಸಡಿಲವಾಗಿಯೇ ಉಳಿದರೆ 4 ಏರಿಸಿ, ಬಿಗಿಯಿತೆಂದರೆ 8 ಇಳಿಸಿ. ದಿನಕ್ಕೆ ಹದಿನೈದು ನಿಮಿಷ ಸಾಕು. ನೋವಿನಲ್ಲೇ ಮುಂದುವರಿದರೆ ಸ್ನಾಯುರಜ್ಜು ಊದಿ ವಾರಗಟ್ಟಲೆ ಗಿಟಾರ್ ಮುಟ್ಟಲಾಗುವುದಿಲ್ಲ.

ರಿವರ್ಬ್ ಹಾಕದೆ ಅಭ್ಯಾಸ ಮಾಡಿ. ರಿವರ್ಬ್ ತಪ್ಪನ್ನು ನುಡಿಸುವವರ ಕಿವಿಯಿಂದ ಮಾತ್ರ ಮುಚ್ಚುತ್ತದೆ, ಕೇಳುವವರಿಗೆ ಕೆಸರಾಗಿ ಮುಟ್ಟುತ್ತದೆ. ಒಣ ಸದ್ದಿನಲ್ಲಿ ಸ್ವರ ಸ್ವಚ್ಛವಾಗಿ ಬೀಳತೊಡಗಿದ ಮೇಲೆ ಒದ್ದೆ ಮಾಡಿ.

'ಮಿಸಿರ್ಲೂ' ಕಲಿಯುವುದು ಕಷ್ಟವೇ?

ವೇಗ ಕಷ್ಟ, ರಾಗ ನಮಗೆ ಪರಿಚಿತ. ಇದು ಪೂರ್ವ ಮೆಡಿಟರೇನಿಯನ್ ಕಡೆಯ ಹಳೆಯ ಧಾಟಿ, 1927ರಲ್ಲೇ ಗ್ರೀಕ್‌ನಲ್ಲಿ ಧ್ವನಿಮುದ್ರಣವಾಗಿತ್ತು. ತಂದೆಯ ಕಡೆಯಿಂದ ಲೆಬನಾನ್ ಮೂಲದವರಾದ ಡಿಕ್ ಡೇಲ್ 1962ರಲ್ಲಿ ಇದನ್ನು ಸರ್ಫ್‌ಗೆ ತಂದರು. ಅದರ ಸ್ವರಗಳು ನಮ್ಮ ಮಾಯಾಮಾಳವಗೌಳದವೇ, ಪುರಂದರದಾಸರ ಹೆಸರಿನೊಂದಿಗೆ ಸಂಗೀತದ ಮೊದಲ ಪಾಠವಾಗಿ ಬರುವ ಸರಳೆವರಸೆಯ ರಾಗ.

ದಪ್ಪನೆಯ ಆರನೇ ತಂತಿಯೊಂದರಲ್ಲೇ ಇದು ಸಿಗುತ್ತದೆ. ತೆರೆದ ತಂತಿ ಷಡ್ಜ, 1ನೇ ಮನೆ ರಿ, 4 ಗ, 5 ಮ, 7 ಪ, 8 ದ, 11 ನಿ, 12 ಮೇಲಿನ ಸ. ಒಂದೊಂದು ಸ್ವರಕ್ಕೆ ನಾಲ್ಕು ಮೀಟು ಹಾಕುತ್ತ ಸರಳೆವರಸೆಯನ್ನೇ ನುಡಿಸಿ. 1ರಿಂದ 4ಕ್ಕೆ, 8ರಿಂದ 11ಕ್ಕೆ ಎಡಗೈ ಜಿಗಿಯಬೇಕಾದಲ್ಲಿ ಬಲಗೈ ನಿಲ್ಲುತ್ತದೆ. ತೊಡರುವುದು ಬಹುಪಾಲು ಅಲ್ಲೇ. ಆ ಎರಡು ಜಿಗಿತಗಳನ್ನಷ್ಟೇ ಬಿಡಿಸಿಕೊಂಡು ದಿನಕ್ಕೆ ಐವತ್ತು ಸಲ ಮಾಡಿ. ಚಿಕ್ಕಂದಿನಲ್ಲಿ ಸಂಗೀತದ ಪಾಠಕ್ಕೆ ಹೋದವರಿಗೆ ಧಾಟಿ ತಾನಾಗಿ ಕಿವಿಗೆ ಹತ್ತುತ್ತದೆ. ಆದರೆ ಇಲ್ಲಿ ಗಮಕ ಬೇಡ, ಸ್ವರ ನೆಟ್ಟಗೆ ನಿಲ್ಲಲಿ.

ಡ್ರಮ್ಸ್‌ನವರು ಏನು ನುಡಿಸಬೇಕು?

ನಾಲ್ಕೆಣಿಕೆಯಲ್ಲಿ ಧೂಂ, ಟಟ, ಧೂಂ, ಟ. ಒಂದಕ್ಕೆ ಮತ್ತು ಮೂರಕ್ಕೆ ಕಿಕ್, ಎರಡಕ್ಕೆ ಸ್ನೇರ್ ಮೇಲೆ ಜೋಡಿ ಹೊಡೆತ, ನಾಲ್ಕಕ್ಕೆ ಒಂಟಿ. ರೈಡ್ ಸಿಂಬಲ್‌ನಲ್ಲಿ ಎಣಿಕೆಗೆ ಎರಡರಂತೆ ಸಮನಾಗಿ. ಈ ಒಂದು ನಡೆಯಲ್ಲಿ ಅರ್ಧ ಕಾರ್ಯಕ್ರಮ ಮುಗಿಯುತ್ತದೆ. ಉಳಿದರ್ಧಕ್ಕೆ ಫ್ಲೋರ್ ಟಾಮ್ ಮೇಲಿನ ಉರುಳು ಬೇಕು. ಸರ್ಫಾರಿಸ್‌ನ 1963ರ 'ವೈಪ್ ಔಟ್' ನುಡಿಸಿ ಎಂದು ಜನ ಕೇಳಿಯೇ ಕೇಳುತ್ತಾರೆ. ಉರುಳು ಬಂದಾಗಲೆಲ್ಲ ವೇಗ ಏರುವುದು ಎಲ್ಲ ತಂಡಗಳ ಕಾಯಿಲೆ. ಡ್ರಮ್ಸ್‌ನವರಿಗೆ ಮಾತ್ರ ಕೇಳುವಂತೆ ಇಯರ್‌ಫೋನ್‌ನಲ್ಲಿ ಕ್ಲಿಕ್ ಹಾಕಿ ಕೆಲವು ವಾರ ಅಭ್ಯಾಸ ಮಾಡಿದರೆ ಹತೋಟಿಗೆ ಬರುತ್ತದೆ.

ಬೇಸ್?

ಫ್ಲಾಟ್‌ವೌಂಡ್ (ಮೈ ನುಣುಪಾದ) ತಂತಿ, ಪಿಕ್, ಬ್ರಿಡ್ಜ್ ಹತ್ತಿರ ತಂತಿಗಳ ಕೆಳಗೆ ಒಂದು ತುಂಡು ಸ್ಪಂಜು. ಸ್ವರ ಚಿಕ್ಕದಾಗಿ, ದುಂಡಗೆ ಬೀಳಬೇಕು. ಗಿಟಾರ್‌ಗಳು ಒದ್ದೆಯಾಗಿರುವುದರಿಂದ ಬೇಸ್‌ಗೆ ರಿವರ್ಬ್ ಬೇಡವೇ ಬೇಡ.

ಮೊದಲು ಯಾವ ಹಾಡುಗಳನ್ನು ಎತ್ತಿಕೊಳ್ಳಬೇಕು?

ಟಕೋಮಾದ ವೆಂಚರ್ಸ್ ತಂಡದ 1960ರ 'ವಾಕ್, ಡೋಂಟ್ ರನ್'. ಎ ಮೈನರ್, ಜಿ, ಎಫ್, ಇ ಎಂದು ಇಳಿಯುವ ಕಾರ್ಡ್‌ಗಳು, ಹಾಡಬಹುದಾದಂಥ ರಾಗ, ಹದವಾದ ವೇಗ. ಆ ಇಳಿಜಾರು ಕೈಗೆ ಹತ್ತಿದರೆ ನೂರಾರು ಸರ್ಫ್ ರಚನೆಗಳು ಅರ್ಥವಾಗುತ್ತವೆ. ಆಮೇಲೆ 'ಪೈಪ್‌ಲೈನ್', ರಿದಮ್ ಗಿಟಾರ್ ಮತ್ತು ಬೇಸ್ ಒಟ್ಟಿಗೆ ಓಡುವುದನ್ನು ಕಲಿಸುತ್ತದೆ. 'ಮಿಸಿರ್ಲೂ' ಆರು ತಿಂಗಳಾದ ಮೇಲೆ ಸಾಕು.

ಅಭ್ಯಾಸ ಹೇಗೆ ನಡೆಸಬೇಕು?

ಜಾಮ್ ರೂಮ್ ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಸಿಗುತ್ತದೆ, ಎರಡು ಗಂಟೆ ಹಿಡಿಯಿರಿ. ಮೊದಲ ಕಾಲು ಗಂಟೆ ಬೇಸ್ ಮತ್ತು ಡ್ರಮ್ಸ್ ಮಾತ್ರ, ಆಮೇಲೆ ರಿದಮ್ ಸೇರಲಿ, ಕೊನೆಗೆ ಲೀಡ್. ಹಾಡುಗಾರರಿಲ್ಲದ್ದರಿಂದ ಎಲ್ಲಿದ್ದೇವೆಂದು ತಿಳಿಸಲು ಸಾಹಿತ್ಯ ಇರುವುದಿಲ್ಲ. ಹಾಗಾಗಿ ಒಂದೊಂದು ರಚನೆಗೂ ಭಾಗಗಳ ಕ್ರಮವನ್ನು ಒಂದೇ ಸಾಲಿನಲ್ಲಿ ಬರೆದು ಗೋಡೆಗೆ ಅಂಟಿಸಿ: ಮುನ್ನುಡಿ 8 ಆವರ್ತ, ಎ 16, ಎ 16, ಬಿ 8, ಎ 16, ಡ್ರಮ್ಸ್ 4, ಮುಕ್ತಾಯ (ಎ ಅಂದರೆ ರಾಗದ ಮೊದಲ ಭಾಗ, ಬಿ ಎರಡನೆಯದು). ಮುಕ್ತಾಯವನ್ನು ಬೇರೆಯಾಗಿಯೇ ಹತ್ತು ಸಲ ಮಾಡಿ. ಹೊಸ ತಂಡಗಳು ಹೆಚ್ಚಾಗಿ ಎಡವುವುದು ಕೊನೆಯ ಕಾರ್ಡ್‌ನಲ್ಲಿ.

ಮೊದಲ ಕಾರ್ಯಕ್ರಮಕ್ಕೆ ಎಷ್ಟು ರಚನೆ ಬೇಕು?

ಒಂದೊಂದೂ ಎರಡು, ಎರಡೂವರೆ ನಿಮಿಷ. ಅರ್ಧ ಗಂಟೆಗೆ ಹನ್ನೊಂದು ಬೇಕಾಗುತ್ತದೆ. ನಡುನಡುವೆ ಶ್ರುತಿ ಮಾಡಿಕೊಳ್ಳುವಾಗ ಒಬ್ಬರು ಮಾತಾಡಲಿ, ರಚನೆಯ ಹೆಸರು ಹೇಳಲಿ. ಜೊತೆಗೆ ಒಯ್ಯಬೇಕಾದದ್ದು: ಎರಡು ಸೆಟ್ ತಂತಿ, ಎರಡು ಹೆಚ್ಚಿನ ಕೇಬಲ್, ಆಂಪ್‌ಗೆ ಹೊಂದುವ ಫ್ಯೂಸ್, ಹತ್ತು ಪಿಕ್, ಟಾರ್ಚ್, ಸ್ಪೈಕ್ ಬಸ್ಟರ್, ಕೇಬಲ್ ನೆಲಕ್ಕೆ ಅಂಟಿಸಲು ಬಟ್ಟೆಯ ಟೇಪ್. ಸೌಂಡ್‌ನವರಿಗೆ ಮುಂಚೆಯೇ ಹೇಳಿ, ಗಿಟಾರ್‌ನಲ್ಲಿ ಆಗಲೇ ರಿವರ್ಬ್ ಇದೆ, ನಿಮ್ಮ ಕಡೆಯಿಂದ ಹಾಕಬೇಡಿ, ಲೀಡ್ ಗಿಟಾರನ್ನು ಹಾಡುಗಾರರ ದನಿಯಂತೆ ಮುಂದಿಡಿ ಅಂತ. ಹೇಳದಿದ್ದರೆ ಅಭ್ಯಾಸಬಲದಿಂದ ಅವರು ಡ್ರಮ್ಸ್ ಮುಂದಿಡುತ್ತಾರೆ, ರಾಗ ಮುಳುಗುತ್ತದೆ.

ಕಿವಿಗೆ ಹಾನಿಯೇ?

ಹೌದು. 85 ಡೆಸಿಬಲ್‌ನಲ್ಲಿ ಎಂಟು ಗಂಟೆ ಇರಬಹುದು, ಪ್ರತಿ 3 ಡೆಸಿಬಲ್ ಏರಿಕೆಗೆ ಆ ಅವಧಿ ಅರ್ಧವಾಗುತ್ತದೆ. 100ರಲ್ಲಿ ಹದಿನೈದೇ ನಿಮಿಷ. ಚಿಕ್ಕ ಜಾಮ್ ರೂಮ್‌ನಲ್ಲಿ ಡ್ರಮ್ಸ್ ಪಕ್ಕ ನಿಂತರೆ 100 ದಾಟುವುದು ಸುಲಭ. ಸಂಗೀತಗಾರರ ಇಯರ್‌ಪ್ಲಗ್ ಮೊದಲ ದಿನದಿಂದಲೇ ಹಾಕಿ.

ಧ್ವನಿಮುದ್ರಣ ಮಾಡುವಾಗ ರಿವರ್ಬ್ ಆಮೇಲೆ ಸೇರಿಸಬಹುದಲ್ಲವೇ?

ಬೇಡ. ಡ್ರಿಪ್ ಕೇಳಿಸಿಕೊಂಡೇ ಕೈ ಮುಂದಿನ ಸ್ವರದ ಉದ್ದ ನಿರ್ಧರಿಸುತ್ತದೆ. ನುಡಿಸುವಾಗಲೇ ರಿವರ್ಬ್ ಇರಲಿ, ಮೈಕ್‌ನಲ್ಲಿ ಹಾಗೆಯೇ ಹಿಡಿಯಿರಿ. ಆಂಪ್‌ನ ಬಟ್ಟೆಯಿಂದ 2–3 ಸೆಂಟಿಮೀಟರ್ ದೂರ, ಸ್ಪೀಕರ್‌ನ ನಡುಬಿಂದು ಮತ್ತು ಅಂಚಿನ ಮಧ್ಯೆ ಒಂದು ಡೈನಮಿಕ್ ಮೈಕ್ ಸಾಕು. ನಾಲ್ವರೂ ಒಂದೇ ಕೋಣೆಯಲ್ಲಿ ಒಟ್ಟಿಗೆ ನುಡಿಸಿ.

ಕರಾವಳಿಯ ಮಳೆಗಾಲದಲ್ಲಿ ವಾದ್ಯಗಳನ್ನು ಕಾಪಾಡುವುದು ಹೇಗೆ?

ಮಂಗಳೂರು, ಉಡುಪಿ ಕಡೆಯ ಜೂನ್‌ನಿಂದ ಸೆಪ್ಟೆಂಬರ್ ಉಪ್ಪುಗಾಳಿಗೆ ಮಾಮೂಲಿ ತಂತಿ ಕೆಲವೇ ವಾರಗಳಲ್ಲಿ ಮಂಕಾಗುತ್ತದೆ. ನುಡಿಸಿದ ಮೇಲೆ ಒಣ ಬಟ್ಟೆಯಿಂದ ತಂತಿಯ ಅಡಿಭಾಗವನ್ನೂ ಒರೆಸಿ, ಕೇಸ್‌ನೊಳಗೆ ಸಿಲಿಕಾ ಜೆಲ್ ಪೊಟ್ಟಣ ಇಡಿ, ಬಣ್ಣ ಬದಲಿಸಿದಾಗ ಬಿಸಿ ಮಾಡಿ ಮತ್ತೆ ಬಳಸಿ. ವ್ಯಾಲ್ವ್ ಆಂಪ್ ಮತ್ತು ರಿವರ್ಬ್ ಪೆಟ್ಟಿಗೆಯನ್ನು ವಾರಕ್ಕೊಮ್ಮೆ ಅರ್ಧ ಗಂಟೆ ಹಚ್ಚಿಡಿ, ಒಳಗಿನ ತೇವ ಆ ಬಿಸಿಗೆ ಆರುತ್ತದೆ. ಗುಂಡಿ ತಿರುಗಿಸಿದಾಗ ಕರಕರ ಅಂದರೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಇಪ್ಪತ್ತು ಸಲ ಹಿಂದೆ ಮುಂದೆ ತಿರುಗಿಸಿ. ಟ್ಯಾಂಕ್‌ನ ಒಳಗೆ ಮಾತ್ರ ಯಾವ ಎಣ್ಣೆಯನ್ನೂ ಹೊಡೆಯಬೇಡಿ, ಸ್ಪ್ರಿಂಗ್ ಭಾರವಾಗಿ ಡ್ರಿಪ್ ಸತ್ತುಹೋಗುತ್ತದೆ.